ಸ್ಥಳೀಯ ಜಾಲದಲ್ಲಿ ಜುಪೈಟರ್ ನೋಟ್‌ಬುಕ್ ಸರ್ವರ್

ಸ್ಥಳೀಯ ಜಾಲದಲ್ಲಿ ಜುಪೈಟರ್ ನೋಟ್‌ಬುಕ್ ಸರ್ವರ್ ಎಂಬುದು ಒಂದು ಗಣಕಯಂತ್ರದಲ್ಲಿ ನಡೆಯುತ್ತಿರುವ ಜುಪೈಟರ್ ತಂತ್ರಾಂಶವನ್ನು ಅದೇ ಕಟ್ಟಡ ಅಥವಾ ಆವರಣದ ಜಾಲಕ್ಕೆ ಸೇರಿದ ಇತರ ಗಣಕಯಂತ್ರಗಳಿಂದ ಬ್ರೌಸರ್ ಮೂಲಕ ಬಳಸುವ ವ್ಯವಸ್ಥೆಯಾಗಿದೆ. ಪೈಥಾನ್, ಆರ್, ಜೂಲಿಯಾ ಮೊದಲಾದ ಭಾಷೆಗಳಲ್ಲಿ ಬರೆದ ಕ್ರಮವಿಧಿಗಳು ಸರ್ವರ್ ಯಂತ್ರದಲ್ಲಿಯೇ ನಡೆಯುತ್ತವೆ. ಬಳಕೆದಾರನ ಮುಂದಿರುವ ಯಂತ್ರವು ಅವುಗಳನ್ನು ಬರೆಯಲು ಮತ್ತು ಫಲಿತಾಂಶವನ್ನು ನೋಡಲು ಮಾತ್ರ ಬೇಕಾಗುತ್ತದೆ. ಆದ್ದರಿಂದ ಪ್ರಯೋಗಾಲಯದ ಪ್ರತಿಯೊಂದು ಯಂತ್ರದಲ್ಲಿ ಪೈಥಾನ್ ಅನ್ನು ಅನುಸ್ಥಾಪಿಸುವ ಅಗತ್ಯವಿರುವುದಿಲ್ಲ. ಒಂದು ಉತ್ತಮ ಯಂತ್ರ, ಒಂದು ಜಾಲಸ್ವಿಚ್ಚು ಮತ್ತು ಬ್ರೌಸರ್ ಇರುವ ಹಳೆಯ ಯಂತ್ರಗಳು ಇದ್ದರೆ ಸಾಕು. ಅಂತರಜಾಲ ಸಂಪರ್ಕವೂ ಪಾಠದ ವೇಳೆಯಲ್ಲಿ ಬೇಕಾಗುವುದಿಲ್ಲ.

ಈ ವ್ಯವಸ್ಥೆಯನ್ನು ಕಡತಗಳ ಹಂಚಿಕೆ ಅಥವಾ ಮುದ್ರಕದ ಹಂಚಿಕೆಯಂತೆ ಭಾವಿಸುವುದುಂಟು. ಅದು ಸರಿಯಲ್ಲ. ನೋಟ್‌ಬುಕ್ ಸರ್ವರನ್ನು ತಲುಪಿದವನು ಕಡತವನ್ನು ಓದುವುದಷ್ಟೇ ಅಲ್ಲ, ಸರ್ವರನ್ನು ಚಾಲನೆಗೊಳಿಸಿದ ವ್ಯಕ್ತಿಯ ಎಲ್ಲ ಅಧಿಕಾರಗಳೊಂದಿಗೆ ಆ ಯಂತ್ರದ ಮೇಲೆ ಆಜ್ಞೆಗಳನ್ನು ನಡೆಸಬಲ್ಲನು. ಭದ್ರತೆಯ ಕುರಿತು ಮುಂದೆ ಹೇಳಲಾಗಿರುವುದೆಲ್ಲವೂ ಈ ಒಂದು ಅಂಶದಿಂದ ಹುಟ್ಟಿದ್ದಾಗಿದೆ.

ಹಿನ್ನೆಲೆ

ಭೌತವಿಜ್ಞಾನದ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಫರ್ನಾಂಡೊ ಪೆರೆಜ್ ಅವರು 2001ರಲ್ಲಿ ಪೈಥಾನ್ ಭಾಷೆಯನ್ನು ಸಂವಾದರೂಪದಲ್ಲಿ ಬಳಸಲು ಐಪೈಥಾನ್ ಎಂಬ ತಂತ್ರಾಂಶವನ್ನು ಆರಂಭಿಸಿದರು. ಬ್ರೌಸರಿನಲ್ಲಿ ತೆರೆದುಕೊಳ್ಳುವ ನೋಟ್‌ಬುಕ್ ರೂಪವು 2011ರ ಡಿಸೆಂಬರ್‌ನಲ್ಲಿ ಐಪೈಥಾನ್ 0.12 ಆವೃತ್ತಿಯೊಂದಿಗೆ ಬಂದಿತು. 2014ರಲ್ಲಿ ಭಾಷಾನಿರಪೇಕ್ಷವಾದ ಭಾಗಗಳನ್ನು ಬೇರ್ಪಡಿಸಿ ಜುಪೈಟರ್ ಯೋಜನೆಯನ್ನು ರೂಪಿಸಲಾಯಿತು. ಜೂಲಿಯಾ, ಪೈಥಾನ್ ಮತ್ತು ಆರ್ ಎಂಬ ಮೂರು ಭಾಷೆಗಳ ಹೆಸರುಗಳಿಂದ ಈ ಹೆಸರು ಬಂದಿದೆ. ಗುರುಗ್ರಹದ ಉಪಗ್ರಹಗಳನ್ನು ಕಂಡು ಗೆಲಿಲಿಯೋ ಬರೆದಿಟ್ಟ ಟಿಪ್ಪಣಿಗಳ ನೆನಪೂ ಅದರಲ್ಲಿದೆ. ಯೋಜನೆಗೆ 2017ನೇ ಸಾಲಿನ ಎಸಿಎಂ ಸಾಫ್ಟ್‌ವೇರ್ ಸಿಸ್ಟಂ ಪ್ರಶಸ್ತಿ ದೊರೆಯಿತು. ಹಲವು ಕಿಟಕಿಗಳುಳ್ಳ ಜುಪೈಟರ್‌ಲ್ಯಾಬ್ 2018ರಲ್ಲಿ ಸಾರ್ವಜನಿಕ ಬಳಕೆಗೆ ಸಿದ್ಧವಾಯಿತು. 2023ರಲ್ಲಿ ಬಿಡುಗಡೆಯಾದ ನೋಟ್‌ಬುಕ್ 7 ಸಹ ಅದರ ಭಾಗಗಳನ್ನೇ ಆಧರಿಸಿದೆ.

ರಚನೆ

ಈ ವ್ಯವಸ್ಥೆಯಲ್ಲಿ ಮೂರು ಪದರಗಳಿವೆ. ಬಳಕೆದಾರನ ಬ್ರೌಸರ್ ಮೊದಲನೆಯದು. ಪುಟಗಳನ್ನೂ ಕಡತಗಳನ್ನೂ ಒದಗಿಸುವ ಸರ್ವರ್ ಎರಡನೆಯದು. ಕ್ರಮವಿಧಿಯನ್ನು ವಾಸ್ತವವಾಗಿ ನಡೆಸುವ ಕರ್ನಲ್ ಮೂರನೆಯದು. ಬ್ರೌಸರ್ ಮತ್ತು ಸರ್ವರ್ ನಡುವೆ ವೆಬ್‌ಸಾಕೆಟ್ ಮೂಲಕವೂ ಸರ್ವರ್ ಮತ್ತು ಕರ್ನಲ್ ನಡುವೆ ಝೀರೋಎಂಕ್ಯೂ ಎಂಬ ಸಂದೇಶ ವ್ಯವಸ್ಥೆಯ ಮೂಲಕವೂ ಮಾಹಿತಿ ಹರಿಯುತ್ತದೆ. ತೆರೆದ ಪ್ರತಿಯೊಂದು ನೋಟ್‌ಬುಕ್ಕಿಗೆ ಸಾಮಾನ್ಯವಾಗಿ ಒಂದು ಪ್ರತ್ಯೇಕ ಕರ್ನಲ್ ಇರುತ್ತದೆ. ಚರಾಂಶಗಳ ಮೌಲ್ಯಗಳೆಲ್ಲ ಈ ಕರ್ನಲ್ಲಿನ ಸ್ಮೃತಿಯಲ್ಲಿ ಉಳಿದಿರುತ್ತವೆ. ಬ್ರೌಸರನ್ನು ಮುಚ್ಚಿದರೂ ಕರ್ನಲ್ ನಿಲ್ಲುವುದಿಲ್ಲ. ಆದರೆ ಬ್ರೌಸರ್ ಮುಚ್ಚಿದ್ದಾಗ ಹೊರಬಂದ ಫಲಿತಾಂಶವು ನೋಟ್‌ಬುಕ್ ಕಡತದಲ್ಲಿ ದಾಖಲಾಗದೆ ಹೋಗುವ ಸಾಧ್ಯತೆಯಿದೆ. ದೀರ್ಘ ಲೆಕ್ಕಾಚಾರಗಳ ಉತ್ತರವನ್ನು ಬೇರೆ ಕಡತಕ್ಕೆ ಬರೆಯಿಸುವುದು ಒಳಿತು.

ಲೆಕ್ಕ ಒಂದು ಕಡೆ, ಅದನ್ನು ನಡೆಸುವ ಮನುಷ್ಯ ಇನ್ನೊಂದು ಕಡೆ ಎಂಬ ಈ ಏರ್ಪಾಡು ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಹೊಸದೇನಲ್ಲ. ಹೊಸಕೋಟೆಯಲ್ಲಿರುವ ಭಾರತೀಯ ಖಗೋಳಭೌತ ಸಂಸ್ಥೆಯ ಕ್ರೆಸ್ಟ್ ಕೇಂದ್ರದಿಂದ ಲಡಾಖಿನ ಹಾನ್ಲೆಯಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸಲಾಗುತ್ತದೆ. ಸುಮಾರು 4,500 ಮೀಟರ್ ಎತ್ತರದಲ್ಲಿ, ಉಸಿರಾಟಕ್ಕೇ ಕಷ್ಟವಾಗುವ ಚಳಿಯ ನಾಡಿನಲ್ಲಿ 2 ಮೀಟರ್ ವ್ಯಾಸದ ಕನ್ನಡಿಯು ತಿರುಗುತ್ತದೆ. ಅದನ್ನು ತಿರುಗಿಸುವ ವೀಕ್ಷಕನು ಹೊಸಕೋಟೆಯ ಕೊಠಡಿಯಲ್ಲಿ ಕುಳಿತಿರುತ್ತಾನೆ. ಪ್ರಯೋಗಾಲಯದ ನೋಟ್‌ಬುಕ್ ಸರ್ವರ್ ಇದರ ಮುಂದೆ ಬಹಳ ಸಣ್ಣದು. ಅಲ್ಲಿನ ದೂರವು ಕೆಲವು ಮೇಜುಗಳಷ್ಟು ಮಾತ್ರ. ಆದರೆ ದೂರದಿಂದ ಯಂತ್ರವನ್ನು ನಡೆಸುವವನು ಯಾರು, ಅವನಿಗೆ ಆ ಅಧಿಕಾರ ಉಂಟೇ ಎಂಬ ಪ್ರಶ್ನೆ ಎರಡೂ ಕಡೆ ಒಂದೇ ಆಗಿದೆ.

ಜಿಲ್ಲೆಯ ಸಂದರ್ಭ

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳನ್ನೊಳಗೊಂಡ ಈ ಜಿಲ್ಲೆಯು ಸಾಫ್ಟ್‌ವೇರ್ ನಗರಿಯನ್ನು ಸುತ್ತುವರಿದಿದ್ದರೂ ಇಲ್ಲಿನ ಎಲ್ಲ ತರಗತಿಗಳಿಗೂ ನಗರದ ಸೌಕರ್ಯಗಳಿಲ್ಲ. ದೊಡ್ಡಬಳ್ಳಾಪುರದ ಆರ್. ಎಲ್. ಜಾಲಪ್ಪ ತಾಂತ್ರಿಕ ಮಹಾವಿದ್ಯಾಲಯ, ದೇವನಹಳ್ಳಿ ತಾಲ್ಲೂಕಿನ ನಾಗಾರ್ಜುನ ಇಂಜಿನಿಯರಿಂಗ್ ಕಾಲೇಜು ಮೊದಲಾದವು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿವೆ. ಆ ವಿಶ್ವವಿದ್ಯಾಲಯದ 2022ರ ಪಠ್ಯಯೋಜನೆಯಲ್ಲಿ ಮೊದಲ ವರ್ಷಕ್ಕೆ ಪೈಥಾನ್ ಪರಿಚಯದ ಆಯ್ಕೆಯೂ ಮುಂದಿನ ಹಂತದಲ್ಲಿ ಪೈಥಾನ್ ಮೂಲಕ ದತ್ತಾಂಶ ಚಿತ್ರಣದ ಪ್ರಯೋಗ ವಿಷಯವೂ ಇವೆ. ಹೀಗಾಗಿ ಗಣಕ ವಿಜ್ಞಾನದ ಹೊರಗಿನ ವಿಭಾಗಗಳ ವಿದ್ಯಾರ್ಥಿಗಳೂ ನೋಟ್‌ಬುಕ್ಕಿನ ಮುಂದೆ ಕೂರುವಂತಾಗಿದೆ.

ಇಂತಹ ವಿಷಯವನ್ನು ಕಲಿಸಲು ಅಂತರಜಾಲದಲ್ಲಿ ಉಚಿತ ನೋಟ್‌ಬುಕ್ ಸೇವೆಗಳಿವೆ. ಮೂವತ್ತು ವಿದ್ಯಾರ್ಥಿಗಳು ಒಂದೇ ಬ್ರಾಡ್‌ಬ್ಯಾಂಡ್ ಸಂಪರ್ಕದಲ್ಲಿ ಅವುಗಳನ್ನು ತೆರೆದಾಗ ಪುಟ ಬರುವುದನ್ನು ಕಾಯುವುದರಲ್ಲಿಯೇ ಪ್ರಯೋಗದ ಅವಧಿ ಸರಿಯುತ್ತದೆ. ವಿದ್ಯಾರ್ಥಿಗಳು ತಮ್ಮ ಮೊಬೈಲ್ ದತ್ತಾಂಶವನ್ನು ಬಳಸಬೇಕಾಗಿ ಬರುವುದೂ ಉಂಟು. ಸ್ವಂತ ಲ್ಯಾಪ್‌ಟಾಪ್ ಇಲ್ಲದವರು ಆಗ ಹಿಂದೆ ಬೀಳುತ್ತಾರೆ. ಸ್ಥಳೀಯ ಸರ್ವರ್ ಈ ಅಂತರವನ್ನು ಕಡಿಮೆ ಮಾಡುತ್ತದೆ: ಹತ್ತು ವರ್ಷ ಹಳೆಯ ಯಂತ್ರದ ಮುಂದೆ ಕುಳಿತವನಿಗೂ ಹೊಸ ಯಂತ್ರದ ಮುಂದೆ ಕುಳಿತವನಿಗೂ ಲೆಕ್ಕ ಒಂದೇ ವೇಗದಲ್ಲಿ ಆಗುತ್ತದೆ.

ಅಭ್ಯಾಸಕ್ಕೆ ಬೇಕಾದ ದತ್ತಾಂಶವೂ ಸಮೀಪದಲ್ಲಿದೆ. ಯಲಹಂಕದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳಿಂದ ಮಳೆಯ ಪ್ರಮಾಣವನ್ನು ಸಂಗ್ರಹಿಸುತ್ತದೆ. ಕೇಂದ್ರ ಅಂತರ್ಜಲ ಮಂಡಳಿಯ ಇತ್ತೀಚಿನ ಮೌಲ್ಯಮಾಪನಗಳಲ್ಲಿ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಯ ವರ್ಗಕ್ಕೆ ಸೇರಿವೆ. ಊರಿನ ಕೊಳವೆಬಾವಿಯ ಆಳವನ್ನು ಬಲ್ಲ ವಿದ್ಯಾರ್ಥಿಗೆ ಪರದೇಶದ ಹೂವಿನ ಎಸಳುಗಳ ಅಳತೆಗಿಂತ ಈ ಅಂಕಿಗಳು ಹೆಚ್ಚು ಅರ್ಥಪೂರ್ಣ. ಇಂತಹ ಕಡತವನ್ನು ಸರ್ವರಿನ ಓದಲು ಮಾತ್ರ ಬರುವ ಒಂದು ಕೋಶದಲ್ಲಿ ಒಮ್ಮೆ ಇಟ್ಟರೆ ಎಲ್ಲರಿಗೂ ಅದೇ ಪ್ರತಿ ದೊರೆಯುತ್ತದೆ.

ಸರ್ವರನ್ನು ಜಾಲಕ್ಕೆ ತೆರೆಯುವುದು

ಜುಪೈಟರ್ ಸರ್ವರ್ ತಾನಾಗಿಯೇ ಜಾಲಕ್ಕೆ ತೆರೆದುಕೊಳ್ಳುವುದಿಲ್ಲ. ಪೂರ್ವನಿಯೋಜಿತವಾಗಿ ಅದು ತಾನಿರುವ ಯಂತ್ರದ ಆಂತರಿಕ ವಿಳಾಸವಾದ 127.0.0.1ರಲ್ಲಿ, 8888ನೇ ಪೋರ್ಟಿನಲ್ಲಿ ಮಾತ್ರ ಕೇಳಿಸಿಕೊಳ್ಳುತ್ತದೆ. ಆ ಪೋರ್ಟು ಬಳಕೆಯಲ್ಲಿದ್ದರೆ 8889 ಮೊದಲಾದ ಮುಂದಿನ ಸಂಖ್ಯೆಗಳಿಗೆ ಹೋಗುತ್ತದೆ. ಹಂಚಿಕೆಗಾಗಿ ಚಾಲನೆಯ ಆಜ್ಞೆಯಲ್ಲಿ ಅಥವಾ ಸಂರಚನಾ ಕಡತದಲ್ಲಿ ಐಪಿ ಎಂಬ ಆಯ್ಕೆಗೆ ಸರ್ವರ್ ಯಂತ್ರದ ಜಾಲವಿಳಾಸವನ್ನು ಕೊಡಬೇಕು. 0.0.0.0 ಎಂದು ಕೊಟ್ಟರೆ ಯಂತ್ರದ ಎಲ್ಲ ಜಾಲ ಸಂಪರ್ಕಗಳಲ್ಲಿಯೂ ಸರ್ವರ್ ದೊರೆಯುತ್ತದೆ. ಅನೇಕ ಮಾರ್ಗದರ್ಶಿಗಳು ಇದನ್ನೇ ಸೂಚಿಸುತ್ತವೆಯಾದರೂ, ಒಂದೇ ಯಂತ್ರಕ್ಕೆ ಪ್ರಯೋಗಾಲಯದ ತಂತಿಯೂ ಕಚೇರಿಯ ವೈಫೈಯೂ ಸೇರಿದ್ದಲ್ಲಿ ಎರಡೂ ಕಡೆಯವರಿಗೆ ಬಾಗಿಲು ತೆರೆದಂತಾಗುತ್ತದೆ. ನಿರ್ದಿಷ್ಟ ವಿಳಾಸವನ್ನು ಕೊಡುವುದೇ ಲೇಸು.

ಸ್ಥಳೀಯ ಜಾಲಗಳ ವಿಳಾಸಗಳು ಸಾಮಾನ್ಯವಾಗಿ 1996ರ ಆರ್‌ಎಫ್‌ಸಿ 1918 ದಾಖಲೆಯಲ್ಲಿ ಖಾಸಗಿ ಬಳಕೆಗೆ ಮೀಸಲಿಟ್ಟ ಮೂರು ಶ್ರೇಣಿಗಳಿಗೆ ಸೇರಿರುತ್ತವೆ. 10ರಿಂದ ಆರಂಭವಾಗುವವು, 172.16ರಿಂದ 172.31ರವರೆಗಿನವು ಹಾಗೂ 192.168ರಿಂದ ಆರಂಭವಾಗುವವು ಈ ಶ್ರೇಣಿಗಳಾಗಿವೆ. ಇವುಗಳನ್ನು ಹೊರಗಿನ ಅಂತರಜಾಲದಿಂದ ನೇರವಾಗಿ ತಲುಪಲಾಗದು. ಸರ್ವರಿನ ವಿಳಾಸ 192.168.1.20 ಆಗಿದ್ದರೆ ವಿದ್ಯಾರ್ಥಿಯು ಬ್ರೌಸರಿನಲ್ಲಿ ಆ ವಿಳಾಸವನ್ನೂ ಅದರ ಮುಂದೆ ವಿಭಜಕ ಚಿಹ್ನೆಯೊಂದಿಗೆ 8888 ಎಂಬುದನ್ನೂ ಬರೆಯುತ್ತಾನೆ. ರೂಟರ್ ಈ ವಿಳಾಸವನ್ನು ದಿನಕ್ಕೊಮ್ಮೆ ಬದಲಿಸಿದರೆ ಕಪ್ಪುಹಲಗೆಯ ಮೇಲೆ ಬರೆದಿಟ್ಟ ವಿಳಾಸ ಮರುದಿನ ಕೆಲಸಕ್ಕೆ ಬಾರದು; ರೂಟರಿನಲ್ಲಿ ಆ ಯಂತ್ರಕ್ಕೆ ಒಂದು ವಿಳಾಸವನ್ನು ಕಾಯ್ದಿರಿಸುವುದು ಇದಕ್ಕೆ ಪರಿಹಾರ.

ಸರ್ವರ್ ನಡೆಯುತ್ತಿದ್ದರೂ ಬೇರೆ ಯಂತ್ರದಲ್ಲಿ ಪುಟ ತೆರೆಯದಿರುವುದು ಸಾಮಾನ್ಯ ತೊಡಕು. ಹೆಚ್ಚಾಗಿ ಸರ್ವರ್ ಯಂತ್ರದ ಫೈರ್‌ವಾಲ್ ಆ ಪೋರ್ಟನ್ನು ತಡೆದಿರುತ್ತದೆ. ಫೈರ್‌ವಾಲನ್ನೇ ಪೂರ್ತಿಯಾಗಿ ಆರಿಸಿಬಿಡುವ ರೂಢಿ ಪ್ರಯೋಗಾಲಯಗಳಲ್ಲಿ ಕಂಡುಬರುತ್ತದೆ. ಇದು ಅನಗತ್ಯ, ಪ್ರಯೋಗಾಲಯದ ವಿಳಾಸ ಶ್ರೇಣಿಯಿಂದ ಆ ಒಂದು ಪೋರ್ಟಿಗೆ ಅನುಮತಿ ಕೊಟ್ಟರೆ ಸಾಕು. ವೈಫೈ ಮೂಲಕ ಬಂದವರಿಗೆ ಮಾತ್ರ ತೊಡಕಿದ್ದರೆ, ಒಬ್ಬ ಬಳಕೆದಾರ ಇನ್ನೊಬ್ಬನ ಯಂತ್ರವನ್ನು ತಲುಪದಂತೆ ಮಾಡುವ ಪ್ರತ್ಯೇಕೀಕರಣದ ಏರ್ಪಾಡು ರೂಟರಿನಲ್ಲಿ ಚಾಲನೆಯಲ್ಲಿರಬಹುದು. ಅತಿಥಿ ಜಾಲಗಳಲ್ಲಿ ಇದು ಸಾಮಾನ್ಯ.

ಭದ್ರತೆ

2016ರ ಡಿಸೆಂಬರ್‌ನಲ್ಲಿ ಬಂದ ನೋಟ್‌ಬುಕ್ 4.3 ಆವೃತ್ತಿಯಿಂದ ಮೊದಲ್ಗೊಂಡು ಸರ್ವರ್ ಚಾಲನೆಯಾದಾಗಲೆಲ್ಲ ಹೊಸದೊಂದು ಟೋಕನನ್ನು ತಾನಾಗಿಯೇ ಸೃಷ್ಟಿಸುತ್ತದೆ. 48 ಅಕ್ಷರಾಂಕಗಳ ಈ ಟೋಕನ್ ಇಲ್ಲದೆ ಒಳಗೆ ಹೋಗಲಾಗದು. ಅದಕ್ಕೂ ಮುಂಚೆ ಗುಪ್ತಪದವನ್ನು ಇಟ್ಟುಕೊಳ್ಳುವುದು ಬಳಕೆದಾರನ ಇಚ್ಛೆಗೆ ಬಿಟ್ಟ ಸಂಗತಿಯಾಗಿತ್ತು. ಇಷ್ಟು ಉದ್ದದ ಟೋಕನನ್ನು ಮೂವತ್ತು ಜನರಿಗೆ ಹೇಳಿ ಬರೆಯಿಸುವುದು ಕಷ್ಟವಾದ್ದರಿಂದ ಟೋಕನಿನ ಜಾಗವನ್ನು ಖಾಲಿ ಬಿಟ್ಟು ಪರಿಶೀಲನೆಯನ್ನೇ ತೆಗೆದುಹಾಕುವ ಸಲಹೆ ಅಲ್ಲಲ್ಲಿ ಕಾಣಸಿಗುತ್ತದೆ. ಅದನ್ನು ಪಾಲಿಸಬಾರದು. ಗುಪ್ತಪದವನ್ನು ನಿಗದಿಪಡಿಸಲು ಜುಪೈಟರಿನಲ್ಲಿಯೇ ಒಂದು ಆಜ್ಞೆಯಿದೆ. ಅದು ಗುಪ್ತಪದವನ್ನು ಇದ್ದಂತೆಯೇ ಬರೆಯದೆ, ಅದರಿಂದ ಹಿಂದಿರುಗಿ ಪಡೆಯಲಾಗದ ಸಂಕೇತವೊಂದನ್ನು ಮಾಡಿ ಸಂರಚನಾ ಕಡತದಲ್ಲಿ ಉಳಿಸುತ್ತದೆ.

ಪರಿಶೀಲನೆಯಿಲ್ಲದ ಸರ್ವರಿನಿಂದ ಆಗುವ ಹಾನಿ ಊಹೆಯ ಮಾತಲ್ಲ. ಜುಪೈಟರ್ ಪುಟದಲ್ಲಿ ನೋಟ್‌ಬುಕ್ ಅಷ್ಟೇ ಅಲ್ಲದೆ ಟರ್ಮಿನಲ್ ಕೂಡ ತೆರೆಯುತ್ತದೆ. ಅದನ್ನು ತೆರೆದವನು ಸರ್ವರ್ ನಡೆಸುವ ಅಧ್ಯಾಪಕನ ಅಂಕಪಟ್ಟಿಯನ್ನು ಓದಬಹುದು, ಪ್ರಶ್ನೆಪತ್ರಿಕೆಯನ್ನು ನಕಲಿಸಬಹುದು, ಇಡೀ ತರಗತಿಯ ಕೆಲಸವನ್ನು ಅಳಿಸಬಹುದು. ಹೊರಗಿನ ಅಂತರಜಾಲಕ್ಕೆ ತೆರೆದ ಸರ್ವರುಗಳ ಪಾಡು ಇನ್ನೂ ಕೆಟ್ಟದ್ದು. ಅವುಗಳೊಳಗೆ ನುಗ್ಗಿ ಕಡತಗಳನ್ನು ಬೀಗ ಹಾಕುವ ಪೈಥಾನ್ ಕ್ರಮವಿಧಿಯೊಂದನ್ನು 2022ರಲ್ಲಿ ಆಕ್ವಾ ಸೆಕ್ಯುರಿಟಿಯ ಸಂಶೋಧಕರು ವರದಿ ಮಾಡಿದರು. 2023ರಲ್ಲಿ ಕ್ಯಾಡೊ ಸೆಕ್ಯುರಿಟಿ ವಿವರಿಸಿದ ಕ್ಯುಬಿಟ್‌ಸ್ಟ್ರೈಕ್ ಎಂಬ ದಾಳಿಯು ಇಂತಹ ಯಂತ್ರಗಳನ್ನು ಕ್ರಿಪ್ಟೊ ನಾಣ್ಯಗಳ ಗಣಿಗಾರಿಕೆಗೆ ಬಳಸಿಕೊಳ್ಳುತ್ತಿತ್ತು. ಮನೆಯಿಂದಲೂ ಪ್ರಯೋಗಾಲಯದ ಸರ್ವರ್ ಸಿಗಲೆಂದು ರೂಟರಿನಲ್ಲಿ 8888ನೇ ಪೋರ್ಟನ್ನು ಹೊರಕ್ಕೆ ತೆರೆದಿಟ್ಟಾಗ ಸ್ಥಳೀಯ ಜಾಲವೆಂಬ ರಕ್ಷಣೆ ಇಲ್ಲವಾಗುತ್ತದೆ. ಹೊರಗಿನಿಂದ ಬಳಸಲೇಬೇಕಾದಲ್ಲಿ ಎಸ್‌ಎಸ್‌ಎಚ್ ಸುರಂಗ ಅಥವಾ ಖಾಸಗಿ ಜಾಲ ಸೇವೆಯನ್ನು ಬಳಸಬೇಕು. ಎಸ್‌ಎಸ್‌ಎಚ್ ಸುರಂಗವನ್ನು ಬಳಸಿದಾಗ ಜುಪೈಟರ್ ಸರ್ವರ್ 127.0.0.1ರಲ್ಲಿಯೇ ಉಳಿಯಬಹುದಾದ್ದರಿಂದ ಒಬ್ಬಿಬ್ಬರ ಬಳಕೆಗೆ ಇದೇ ಅತ್ಯಂತ ಸುರಕ್ಷಿತ ಮಾರ್ಗ.

ಗೋಡೆಯೊಳಗಿನ ಜಾಲವೂ ಪೂರ್ಣ ನಂಬಿಕೆಗೆ ಅರ್ಹವಲ್ಲ. ಎಚ್‌ಟಿಟಿಪಿ ಮೂಲಕ ಕಳಿಸಿದ ಗುಪ್ತಪದವು ಜಾಲದಲ್ಲಿ ಮರೆಯಿಲ್ಲದೆ ಸಾಗುತ್ತದೆ. ಎಲ್ಲರಿಗೂ ಒಂದೇ ಗುಪ್ತಪದವಿರುವ ಡಬ್ಲ್ಯುಪಿಎ2 ವೈಫೈಯಲ್ಲಿ ಆ ಗುಪ್ತಪದವನ್ನು ಬಲ್ಲವನು ಇತರರ ಸಂಚಾರವನ್ನು ಹಿಡಿದು ಬಿಡಿಸಿ ಓದಲು ಸಾಧ್ಯವಿದೆ. ಇದಕ್ಕಾಗಿ ಎಚ್‌ಟಿಟಿಪಿಎಸ್ ಅನ್ನು ಬಳಸಬೇಕು. ಖಾಸಗಿ ಶ್ರೇಣಿಯ ವಿಳಾಸಗಳಿಗೆ ಸಾರ್ವಜನಿಕ ಸಂಸ್ಥೆಗಳು ಪ್ರಮಾಣಪತ್ರಗಳನ್ನು ನೀಡುವುದಿಲ್ಲವಾದ್ದರಿಂದ ಪ್ರಯೋಗಾಲಯವು ತನ್ನ ಪ್ರಮಾಣಪತ್ರವನ್ನು ತಾನೇ ತಯಾರಿಸಿಕೊಳ್ಳಬೇಕಾಗುತ್ತದೆ. ಅದನ್ನು ವಿದ್ಯಾರ್ಥಿಗಳ ಯಂತ್ರಗಳಲ್ಲಿ ಮುಂಚಿತವಾಗಿ ಸೇರಿಸದಿದ್ದರೆ ಬ್ರೌಸರ್ ಎಚ್ಚರಿಕೆಯನ್ನು ತೋರಿಸುತ್ತದೆ. ಎಚ್ಚರಿಕೆಯನ್ನು ಓದದೆ ಮುಂದೆ ಒತ್ತುವುದನ್ನೇ ತರಗತಿಗೆ ಕಲಿಸಿದಂತಾಗಬಾರದು ಎಂಬುದರಿಂದ ಈ ಒಂದು ದಿನದ ಶ್ರಮ ಸಾರ್ಥಕ.

ಸರ್ವರನ್ನು ಮೂಲಾಧಿಕಾರಿಯ ಖಾತೆಯಿಂದ ನಡೆಸಬಾರದು. ಜುಪೈಟರ್ ಸಹ ಅದಕ್ಕೆ ತಾನಾಗಿ ಒಪ್ಪುವುದಿಲ್ಲ. ವಿಶೇಷ ಆಯ್ಕೆಯೊಂದನ್ನು ಕೊಟ್ಟು ಒತ್ತಾಯಿಸಬೇಕಾಗುತ್ತದೆ. ಪಾಠಕ್ಕೆಂದೇ ತೆರೆದ, ಬೇರೆ ಯಾವ ಕಡತವೂ ಇಲ್ಲದ ಖಾತೆಯಿಂದ ನಡೆಸುವುದು ಸರಿಯಾದ ಕ್ರಮ.

ಒಂದೇ ಸರ್ವರಿನಲ್ಲಿ ಹಲವರು

ಮೂಲತಃ ಜುಪೈಟರ್ ಸರ್ವರ್ ಒಬ್ಬ ಬಳಕೆದಾರನಿಗಾಗಿ ರೂಪುಗೊಂಡದ್ದು. ಗುಪ್ತಪದವನ್ನು ತಿಳಿದ ಎಲ್ಲರೂ ಅದರ ದೃಷ್ಟಿಯಲ್ಲಿ ಒಬ್ಬನೇ. ಇಬ್ಬರು ವಿದ್ಯಾರ್ಥಿಗಳು ಒಂದೇ ನೋಟ್‌ಬುಕ್ಕನ್ನು ತೆರೆದರೆ ಇಬ್ಬರಿಗೂ ಒಂದೇ ಕರ್ನಲ್ ದೊರೆಯುತ್ತದೆ. ಒಬ್ಬನು ‘ಮಳೆ’ ಎಂಬ ಚರಾಂಶಕ್ಕೆ ದೊಡ್ಡಬಳ್ಳಾಪುರದ ಅಂಕಿಗಳನ್ನು ತುಂಬಿದ ಬಳಿಕ ಇನ್ನೊಬ್ಬನು ಅದಕ್ಕೆ ನೆಲಮಂಗಲದ ಅಂಕಿಗಳನ್ನು ತುಂಬಿದರೆ, ಮೊದಲನೆಯವನ ಮುಂದಿನ ಲೆಕ್ಕಗಳು ಯಾವ ದೋಷ ಸಂದೇಶವೂ ಇಲ್ಲದೆ ತಪ್ಪಾಗುತ್ತವೆ. ಕಡತವನ್ನು ಉಳಿಸುವಾಗಲೂ ಒಬ್ಬನ ಬರಹ ಇನ್ನೊಬ್ಬನದನ್ನು ಅಳಿಸಬಹುದು. ಒಟ್ಟಿಗೆ ಬರೆಯುವ ಸಲುವಾಗಿಯೇ ಜುಪೈಟರ್‌ಲ್ಯಾಬಿಗೆ ಸಹಯೋಗದ ವಿಸ್ತರಣೆಯೊಂದಿದೆ. ಅದರಲ್ಲಿ ಪರಸ್ಪರರ ಅಕ್ಷರಗಳು ಆ ಕ್ಷಣದಲ್ಲಿಯೇ ಕಾಣುತ್ತವೆಯಾದರೂ ಕರ್ನಲ್ ಮಾತ್ರ ಒಂದೇ ಆಗಿರುತ್ತದೆ.

ಇಡೀ ತರಗತಿಗೆ ತಕ್ಕ ಪರಿಹಾರವು 2015ರಲ್ಲಿ ಬಂದ ಜುಪೈಟರ್‌ಹಬ್. ಇದು ಪ್ರತಿಯೊಬ್ಬ ಬಳಕೆದಾರನಿಗೆ ಪ್ರತ್ಯೇಕ ಪ್ರವೇಶವನ್ನೂ ಪ್ರತ್ಯೇಕ ಸರ್ವರನ್ನೂ ಒದಗಿಸುತ್ತದೆ. ಇದರ ಸರಳ ರೂಪವಾದ ಲಿಟ್ಲೆಸ್ಟ್ ಜುಪೈಟರ್‌ಹಬ್ ಒಂದೇ ಯಂತ್ರದಲ್ಲಿ ನೂರರವರೆಗಿನ ಬಳಕೆದಾರರಿಗಾಗಿ ಉಬುಂಟು ಕಾರ್ಯಾಚರಣಾ ವ್ಯವಸ್ಥೆಯ ಮೇಲೆ ನಡೆಯುವಂತೆ ರೂಪಿತವಾಗಿದೆ. ಅದು ಪ್ರತಿ ವಿದ್ಯಾರ್ಥಿಗೂ ಯಂತ್ರದಲ್ಲಿ ಒಂದು ಪ್ರತ್ಯೇಕ ಖಾತೆಯನ್ನು ತೆರೆಯುವುದರಿಂದ ಒಬ್ಬರ ಕಡತಗಳನ್ನು ಇನ್ನೊಬ್ಬರು ತಿದ್ದಲಾಗದು. ಇದರ ಪೂರ್ವನಿಯೋಜಿತ ಪ್ರವೇಶ ಕ್ರಮದಲ್ಲಿ ಬಳಕೆದಾರನು ಮೊದಲ ಬಾರಿ ನಮೂದಿಸಿದ ಗುಪ್ತಪದವೇ ಅವನ ಗುಪ್ತಪದವಾಗಿ ನಿಲ್ಲುತ್ತದೆ. ಅನುಕೂಲವೇನೋ ಹೌದು, ಆದರೆ ಗೈರುಹಾಜರಾದವನ ಹೆಸರಿನಲ್ಲಿ ಪಕ್ಕದವನು ಮೊದಲೇ ಪ್ರವೇಶಿಸಿಬಿಡಬಹುದು. ಮೊದಲ ದಿನ ಎಲ್ಲರೂ ಎದುರಿನಲ್ಲಿಯೇ ಪ್ರವೇಶಿಸುವಂತೆ ನೋಡಿಕೊಳ್ಳಬೇಕು.

ಯಂತ್ರಕ್ಕೆ ಎಷ್ಟು ಸ್ಮೃತಿ ಬೇಕೆಂಬುದಕ್ಕೆ ಆ ಯೋಜನೆಯ ಕೈಪಿಡಿಯು ಒಂದು ಸರಳ ಸೂತ್ರವನ್ನು ಕೊಡುತ್ತದೆ: ಏಕಕಾಲದ ಬಳಕೆದಾರರ ಸಂಖ್ಯೆಯನ್ನು ಒಬ್ಬೊಬ್ಬರ ಗರಿಷ್ಠ ಬಳಕೆಯಿಂದ ಗುಣಿಸಿ 128 ಮೆಗಾಬೈಟ್ ಕೂಡಿಸುವುದು. ಮೂವತ್ತು ಜನರಿಗೆ ತಲಾ 512 ಮೆಗಾಬೈಟ್ ಎಂದು ಹಿಡಿದರೆ ಸುಮಾರು 15 ಗಿಗಾಬೈಟ್ ಆಗುತ್ತದೆ. ಎಂದರೆ 16 ಗಿಗಾಬೈಟ್ ಸ್ಮೃತಿಯ ಸಾಮಾನ್ಯ ಯಂತ್ರವೊಂದು ಒಂದು ತರಗತಿಯನ್ನು ಕಷ್ಟದಿಂದಾದರೂ ಹೊರಬಲ್ಲದು. 32 ಇದ್ದರೆ ನಿರಾಳ. ಒಬ್ಬೊಬ್ಬರಿಗೂ ಮಿತಿ ಹಾಕುವುದು ಅವಶ್ಯ. ಇಲ್ಲದಿದ್ದರೆ ಕೊನೆಯಿಲ್ಲದ ಆವರ್ತನೆಯಲ್ಲಿ ಪಟ್ಟಿಯನ್ನು ಬೆಳೆಸುತ್ತ ಹೋದ ಒಬ್ಬ ವಿದ್ಯಾರ್ಥಿಯಿಂದ ಇಡೀ ತರಗತಿಯ ಯಂತ್ರ ನಿಂತುಹೋಗುತ್ತದೆ. ಹತ್ತು ನಿಮಿಷ ಸುಮ್ಮನಿದ್ದ ಬಳಕೆದಾರನ ಸರ್ವರನ್ನು ಲಿಟ್ಲೆಸ್ಟ್ ಜುಪೈಟರ್‌ಹಬ್ ತಾನಾಗಿ ನಿಲ್ಲಿಸುತ್ತದೆ. ಉಳಿಸಿದ ಕಡತಗಳಿಗೆ ಅದರಿಂದ ತೊಂದರೆಯಿಲ್ಲ, ಚರಾಂಶಗಳು ಮಾತ್ರ ಹೋಗುತ್ತವೆ. ಅಧ್ಯಾಪಕರು ಹಲಗೆಯ ಮೇಲೆ ದೀರ್ಘವಾಗಿ ವಿವರಿಸುವ ತರಗತಿಗಳಲ್ಲಿ ಈ ಅವಧಿಯನ್ನು ಹೆಚ್ಚಿಸಿಕೊಳ್ಳಬಹುದು.

ಅಂತರಜಾಲ ಮತ್ತು ವಿದ್ಯುತ್

ಪಾಠದ ವೇಳೆ ಅಂತರಜಾಲ ಬೇಡವಾದರೂ ಪೈಥಾನಿನ ಸಹಾಯಕ ತಂತ್ರಾಂಶಗಳನ್ನು ಮುಂಚಿತವಾಗಿ ಇಳಿಸಿಕೊಂಡಿರಬೇಕು. ಸಂಪರ್ಕ ಉತ್ತಮವಾಗಿರುವ ಕಡೆ ಪಿಪ್ ಎಂಬ ಸಾಧನದಿಂದ ಅವುಗಳ ಕಡತಗಳನ್ನು ಒಂದು ಕೋಶಕ್ಕೆ ಇಳಿಸಿ ಪೆನ್‌ಡ್ರೈವಿನಲ್ಲಿ ತಂದು, ಆ ಕೋಶದಿಂದಲೇ ಅನುಸ್ಥಾಪಿಸಲು ಬರುತ್ತದೆ. ಎರಡೂ ಯಂತ್ರಗಳ ಕಾರ್ಯಾಚರಣಾ ವ್ಯವಸ್ಥೆ ಮತ್ತು ಪೈಥಾನ್ ಆವೃತ್ತಿ ಹೊಂದಿಕೆಯಾಗಬೇಕು. ಒಂದೇ ಕಡೆ ಅನುಸ್ಥಾಪಿಸಿದರೆ ಎಲ್ಲರಿಗೂ ದೊರೆಯುವುದು ಹಂಚಿದ ಸರ್ವರಿನ ದೊಡ್ಡ ಲಾಭವಾಗಿದೆ.

ವಿದ್ಯುತ್ ಕಡಿತದ ವಿಷಯದಲ್ಲಿ ಈ ಕೇಂದ್ರೀಕರಣಕ್ಕೆ ಎರಡು ಮುಖಗಳಿವೆ. ಸರ್ವರಿಗೂ ಸ್ವಿಚ್ಚಿಗೂ ಯುಪಿಎಸ್ ಇದ್ದರೆ ವಿದ್ಯಾರ್ಥಿಗಳ ಯಂತ್ರಗಳು ಆರಿದರೂ ಅವರ ಕರ್ನಲ್‌ಗಳು ಬದುಕಿರುತ್ತವೆ. ಕರೆಂಟು ಬಂದ ಮೇಲೆ ಪುಟವನ್ನು ಮತ್ತೆ ತೆರೆದರೆ ಕೆಲಸ ನಿಂತಲ್ಲಿಂದ ಮುಂದುವರಿಯುತ್ತದೆ. ಸರ್ವರಿಗೇ ಯುಪಿಎಸ್ ಇಲ್ಲದಿದ್ದರೆ ಒಂದೇ ಕ್ಷಣದಲ್ಲಿ ಎಲ್ಲರ ಲೆಕ್ಕವೂ ಹೋಗುತ್ತದೆ. ಕಡತಗಳು ಒಂದೇ ಡಿಸ್ಕಿನಲ್ಲಿರುವುದರಿಂದ ನಿತ್ಯದ ಪ್ರತಿಯನ್ನು ಬೇರೆ ಯಂತ್ರದಲ್ಲಿ ಇಡುವುದನ್ನು ತಪ್ಪಿಸಬಾರದು.

ಕನ್ನಡದ ಬಳಕೆ

ನೋಟ್‌ಬುಕ್ ಕಡತವು ಯೂನಿಕೋಡಿನಲ್ಲಿರುವುದರಿಂದ ವಿವರಣೆಗಳನ್ನು ಕನ್ನಡದಲ್ಲಿ ಬರೆಯಲು ಅಡ್ಡಿಯಿಲ್ಲ. ಪೈಥಾನ್ 3ರಲ್ಲಿ ಚರಾಂಶಗಳ ಹೆಸರುಗಳೂ ಕನ್ನಡದಲ್ಲಿರಬಹುದು. ಆದರೆ ‘ಸರ್ವರ್‌ಗಳು’ ಎಂಬಂತಹ ಪದಗಳಲ್ಲಿ ಒತ್ತಕ್ಷರವಾಗದಂತೆ ತಡೆಯಲು ಸೇರಿಸುವ ಅಗೋಚರ ಅಕ್ಷರವನ್ನು ಪೈಥಾನ್ ಹೆಸರಿನೊಳಗೆ ಒಪ್ಪುವುದಿಲ್ಲ. ಕಣ್ಣಿಗೆ ಕಾಣದ ಈ ಅಕ್ಷರದಿಂದ ಬರುವ ದೋಷವನ್ನು ಹುಡುಕುವುದು ಹೊಸಬರಿಗೆ ಕಷ್ಟ. ಉದ್ಧರಣ ಚಿಹ್ನೆಗಳ ಒಳಗಿನ ಪಠ್ಯದಲ್ಲಿ ಮಾತ್ರ ಅದಕ್ಕೆ ತೊಂದರೆಯಿಲ್ಲ. ಕನ್ನಡ ಅಂಕಿಗಳಲ್ಲಿ ಬರೆದ ಪಠ್ಯವನ್ನು ಪೈಥಾನ್ ಪೂರ್ಣಾಂಕವಾಗಿ ಪರಿವರ್ತಿಸಬಲ್ಲದಾದರೂ ಕ್ರಮವಿಧಿಯೊಳಗೆ ನೇರವಾಗಿ ಕನ್ನಡ ಅಂಕಿಗಳನ್ನು ಸಂಖ್ಯೆಯಾಗಿ ಬರೆಯಲು ಬಿಡುವುದಿಲ್ಲ.

ನಕ್ಷೆಗಳಲ್ಲಿ ಕನ್ನಡವನ್ನು ಬಳಸುವಾಗ, ಚಿತ್ರವು ಎಲ್ಲಿ ರಚನೆಯಾಗುತ್ತದೆ ಎಂಬುದು ಮುಖ್ಯವಾಗುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್ ತನ್ನ ಚಿತ್ರವನ್ನು ಸರ್ವರಿನಲ್ಲಿಯೇ ರಚಿಸಿ ಬ್ರೌಸರಿಗೆ ಕಳಿಸುತ್ತದೆ. ವಿದ್ಯಾರ್ಥಿಯ ಯಂತ್ರದಲ್ಲಿ ಎಷ್ಟೇ ಕನ್ನಡ ಅಕ್ಷರಶೈಲಿಗಳಿದ್ದರೂ ಸರ್ವರಿನಲ್ಲಿ ಒಂದೂ ಇಲ್ಲದಿದ್ದರೆ ತಾಲ್ಲೂಕುಗಳ ಹೆಸರಿನ ಬದಲು ಖಾಲಿ ಚೌಕಗಳು ಮೂಡುತ್ತವೆ. ಅಕ್ಷರಶೈಲಿಯನ್ನು ಸೇರಿಸಿದ ಮೇಲೂ ಅದರ ಅನೇಕ ಆವೃತ್ತಿಗಳಲ್ಲಿ ಒತ್ತಕ್ಷರಗಳು ಸರಿಯಾಗಿ ಕೂಡಿಕೊಳ್ಳುವುದಿಲ್ಲ. ‘ದೊಡ್ಡಬಳ್ಳಾಪುರ’ ಎಂಬ ಹೆಸರಿನಲ್ಲಿ ಎರಡು ಕಡೆ ಒತ್ತು ಒಡೆದು ಕಾಣುತ್ತದೆ. ಪ್ಲಾಟ್ಲಿ, ಆಲ್ಟೇರ್ ಮೊದಲಾದವು ಅಕ್ಷರಗಳನ್ನು ಬ್ರೌಸರಿನಲ್ಲಿ ಮೂಡಿಸುವುದರಿಂದ ಅವುಗಳಲ್ಲಿ ಅದೇ ಹೆಸರು ಸರಿಯಾಗಿ ಬರುತ್ತದೆ.